ರಶೀದಿ ಕೇಳಿದರೆ ತಪ್ಪೇನು?

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ, ನಮ್ಮ ಶಾಲೆಯ ಬಸ್ಸಿನ ಹಿಂದಿನ ಟಯರಿಗೆ ದಾನಿ ಸಿಗದ ಸಂಗತಿಯನ್ನು ನಾಲ್ಕು ಸಾಲು ಬರೆದಿದ್ದೆ. ಟಯರು ಬರಲಿಲ್ಲ, ಪತ್ರಗಳು ಬಂದವು. ಅಂಚೆಯಲ್ಲಿ ಹದಿನಾರು, ಮೊಬೈಲಿಗೆ ಅದಕ್ಕಿಂತ ಹೆಚ್ಚು. ಆದ್ದರಿಂದ ಈ ಸಲ ಪುಟವಿಡೀ ಒಂದೇ ವಿಷಯ: ಊರವರು ಶಾಲೆಗೆ ಕೊಡುವುದು, ಶಾಲೆ ಊರವರಲ್ಲಿ ಬೇಡುವುದು.

ಹೊಸ ಓದುಗರಿಗಾಗಿ ಒಂದು ಮಾತು. ನಾನು ಮೂವತ್ತೊಂದು ವರ್ಷ ಗಣಿತ ಕಲಿಸಿದ್ದು ಅನುದಾನಿತ ಶಾಲೆಯಲ್ಲಿ. ನಮ್ಮ ಕಾಸರಗೋಡಿನಲ್ಲಿ ಹಾಗೆಂದರೆ ಕಟ್ಟಡ ಮ್ಯಾನೇಜರರದು, ಅಧ್ಯಾಪಕರ ಸಂಬಳ ಕೇರಳ ಸರಕಾರದ್ದು. ನಿವೃತ್ತಳಾದ ಮೇಲೆ, ಬದಿಯಡ್ಕದ ಸಮೀಪ ಊರವರೇ ಸಂಘ ಕಟ್ಟಿಕೊಂಡು ನಡೆಸುವ ಅನುದಾನರಹಿತ ಕನ್ನಡ ಮಾಧ್ಯಮ ಶಾಲೆಯೊಂದರ ಕೋಶಾಧಿಕಾರಿಯಾದೆ. ಇಲ್ಲಿ ಕಟ್ಟಡವೂ ನಮ್ಮದೇ, ಸಂಬಳವೂ ನಮ್ಮದೇ, ಮಧ್ಯಾಹ್ನದ ಊಟವೂ ನಮ್ಮದೇ, ಸಾಲವೂ ನಮ್ಮದೇ. ಹನ್ನೆರಡು ವರ್ಷಗಳಿಂದ ರಶೀದಿ ಪುಸ್ತಕ ನನ್ನ ಚೀಲದಲ್ಲಿದೆ. ಮದುವೆ ಮನೆಯಲ್ಲಿ ನನ್ನನ್ನು ಕಂಡರೆ ಕೆಲವರು ಎರಡನೇ ಪಂಕ್ತಿಗೆ ಕುಳಿತುಕೊಳ್ಳುತ್ತೇವೆ ಎಂದು ಎದ್ದು ಹೋಗುತ್ತಾರೆ.

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಶಾರ್ಜಾದಲ್ಲಿದ್ದೇನೆ. ಊರಿನ ಖಾಸಗಿ ಶಾಲೆಯ ಗ್ರಂಥಾಲಯಕ್ಕೆ ಎರಡು ಲಕ್ಷ ರೂಪಾಯಿ ಕೊಡುವ ಮನಸ್ಸಿದೆ. ಆದರೆ ಕಾರ್ಯದರ್ಶಿಯವರು ವಿದೇಶದ ಹಣ ತೆಗೆದುಕೊಂಡರೆ ಕೇಸಾಗುತ್ತದೆ, ಊರಿಗೆ ಬಂದಾಗ ಕೈಯಲ್ಲೇ ಕೊಡಿ ಎನ್ನುತ್ತಾರೆ. ಏನು ಮಾಡಲಿ?
— ಉಪ್ಪಳದ ಓದುಗರು, ಈಗ ಶಾರ್ಜಾ

ಉತ್ತರ: ಕಾರ್ಯದರ್ಶಿಯವರು ಹೆದರಿದ್ದು ಸರಿ, ಹೆದರಿದ ಜಾಗ ತಪ್ಪು. ವಿದೇಶಿ ವಂತಿಗೆಯ ಕಾನೂನು 2010ರದು. ಅದು ನೋಡುವುದು ಹಣ ಎಲ್ಲಿಂದ ಹೊರಟಿತು ಎಂಬುದಕ್ಕಿಂತ ಹೆಚ್ಚಾಗಿ ಕೊಡುವವರು ಯಾವ ದೇಶದ ಪ್ರಜೆ ಎಂಬುದನ್ನು. ನಿಮ್ಮ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಅನ್ನಿಸಿಕೊಳ್ಳುವುದಿಲ್ಲ. ಹಣ ಕಳುಹಿಸಿ, ಜತೆಗೆ ಪಾಸ್‌ಪೋರ್ಟಿನ ಪ್ರತಿಯನ್ನೂ ಇದು ನನ್ನ ಸ್ವಂತ ಉಳಿತಾಯವೆಂಬ ಎರಡು ಸಾಲಿನ ಪತ್ರವನ್ನೂ ಶಾಲೆಗೆ ಕೊಡಿ. ನಾಳೆ ಲೆಕ್ಕ ಪರಿಶೋಧಕರು ಕೇಳಿದರೆ ಕಾರ್ಯದರ್ಶಿಯವರು ಕಡತ ತೆಗೆದು ತೋರಿಸಬಹುದು.

ಆದರೆ ನಿಮ್ಮ ತಮ್ಮನೋ ಭಾವನೋ ಕೆನಡಾದ ಪೌರತ್ವ ಪಡೆದಿದ್ದರೆ ಅವರ ಕಥೆ ಬೇರೆ. ಹುಟ್ಟಿದ್ದು ಉಪ್ಪಳದಲ್ಲೇ, ಓದಿದ್ದು ಅದೇ ಶಾಲೆಯಲ್ಲೇ ಆಗಿದ್ದರೂ ಅವರು ಕೊಡುವುದು ವಿದೇಶಿ ಹಣವೇ. ಅದನ್ನು ಪಡೆಯಲು ಶಾಲೆಯ ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಬಂದಿಳಿಯಬೇಕಾದದ್ದು ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಹಳ್ಳಿಯ ಶಾಲೆಗಳಿಗೆ ಇದು ದೂರದ ಮಾತು. ನಿಮ್ಮ ತಮ್ಮನಿಗೋ ಭಾವನಿಗೋ ಅದನ್ನು ಮೊದಲೇ ಹೇಳಿಬಿಡಿ, ಕಳುಹಿಸಿದ ಮೇಲೆ ಹೇಳಬೇಡಿ.

ಊರಿಗೆ ಬಂದಾಗ ಕೈಯಲ್ಲಿ ಕೊಡಿ ಎಂದಿದ್ದಾರಲ್ಲ, ಅದಕ್ಕೆ ಮಾತ್ರ ಒಪ್ಪಬೇಡಿ. ಎರಡು ಲಕ್ಷದ ನಗದು ಕಂತೆಯನ್ನು ಯಾರಾದರೂ ಮೇಜಿನ ಮೇಲಿಟ್ಟರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಇನ್ನು ಗ್ರಂಥಾಲಯದ ವಿಷಯ. ನಾನು ಕಲಿಸುತ್ತಿದ್ದ ಶಾಲೆಗೆ ಒಬ್ಬ ಪುಣ್ಯಾತ್ಮರು ಸಾಗುವಾನಿಯ, ಗಾಜಿನ ಬಾಗಿಲಿನ ಮೂರು ಕಪಾಟುಗಳನ್ನೂ ಅದು ತುಂಬುವಷ್ಟು ಪುಸ್ತಕಗಳನ್ನೂ ಕೊಟ್ಟರು. ಗಾಜು ಒಡೆದೀತೆಂದು ಬೀಗ ಹಾಕಿದೆವು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಒಳಖಾನೆಯಲ್ಲಿ. ಮಕ್ಕಳು ಗಾಜಿಗೆ ಮೂಗು ಒತ್ತಿ ಪುಸ್ತಕಗಳ ಬೆನ್ನಿನ ಹೆಸರುಗಳನ್ನು ಓದುತ್ತಿದ್ದರು. ಮಧ್ಯಾಹ್ನ ನೋಡಿದರೆ ಗಾಜಿನ ತುಂಬ ಸಣ್ಣ ಸಣ್ಣ ಮೂಗಿನ ಗುರುತು. ಆರು ಮಳೆಗಾಲ ಕಳೆದ ಮೇಲೆ ತೆರೆದು ನೋಡಿದೆವು. ಬೆಳ್ಳಿಮೀನು ಹುಳ ಓದಿ ಮುಗಿಸಿತ್ತು. ಹಾಗಾಗಿ ನಿಮ್ಮ ಎರಡು ಲಕ್ಷದಲ್ಲಿ ಅರವತ್ತು ಸಾವಿರಕ್ಕೆ ಪುಸ್ತಕ ಕೊಳ್ಳಲಿ, ಕಪಾಟು ತೆರೆದ ಹಲಗೆಯದ್ದಾಗಲಿ, ಉಳಿದದ್ದರಲ್ಲಿ ದಿನಕ್ಕೆ ಎರಡು ಗಂಟೆ ಕುಳಿತು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಒಬ್ಬರಿಗೆ ಗೌರವಧನ ಕೊಡಲಿ. ಇದನ್ನು ಬರೆದೇ ಕೊಡಿ. ಮೂರು ವರ್ಷವಾದರೂ ನಡೆಯುತ್ತದೆ.

ಪ್ರಶ್ನೆ: ನಾವು ಬೆಂಗಳೂರಿನ ಕೆಲವು ಗೆಳೆಯರು ಸೇರಿ ಗಡಿನಾಡಿನ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಸಂಗ್ರಹಿಸುತ್ತಿದ್ದೇವೆ. ಕಾಸರಗೋಡಿಗೆ ಎಷ್ಟು ಪ್ರತಿ ಬೇಕು?
— ಓದುಗರು, ಬೆಂಗಳೂರು

ಉತ್ತರ: ಒಂದೂ ಬೇಡ. ಸಿಟ್ಟಾಗಬೇಡಿ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ನಮ್ಮ ಮಕ್ಕಳು ಓದುವುದು ಕನ್ನಡದಲ್ಲೇ ಆದರೂ ಪಾಠ ಕೇರಳದ್ದು. ನಿಮ್ಮ ಐದನೇ ತರಗತಿಯ ಸಮಾಜ ಪುಸ್ತಕ ನಮ್ಮ ಐದನೇ ತರಗತಿಗೆ ಹೊಂದುವುದಿಲ್ಲ. ಹಿಂದೊಮ್ಮೆ ಹೀಗೆಯೇ ಹನ್ನೆರಡು ಪೆಟ್ಟಿಗೆ ಬಂದಿಳಿದವು. ಕಳುಹಿಸಿದವರ ಮನಸ್ಸು ನೋಯಬಾರದೆಂದು ಮಕ್ಕಳ ಕೈಯಲ್ಲಿ ಹಿಡಿಸಿ ಫೋಟೊ ತೆಗೆದೆವು, ಆಮೇಲೆ ಪೆಟ್ಟಿಗೆಗಳನ್ನು ಎಲ್ಲಿಡುವುದೆಂದು ತಿಳಿಯದೆ ವೇದಿಕೆಯ ಅಡಿಗೆ ತಳ್ಳಿದೆವು. ನಿಘಂಟು ಕೊಡಿ, ಕಥೆಪುಸ್ತಕ ಕೊಡಿ, ಮಕ್ಕಳ ಪತ್ರಿಕೆಗಳಿಗೆ ಚಂದಾ ಕಟ್ಟಿ. ಎಲ್ಲಕ್ಕಿಂತ ಮೊದಲು ಒಂದು ಫೋನ್ ಮಾಡಿ ಏನು ಬೇಕೆಂದು ಕೇಳಿ. ಗಡಿನಾಡಿನ ಶಾಲೆಗೆ ನವೆಂಬರಿನಲ್ಲಿ ಬಾವುಟ ತರುವವರು ಬಹಳ. ಜೂನ್ ಒಂದಕ್ಕೆ ಶಾಲೆ ತೆರೆಯುವಾಗ ಏನು ಬೇಕು ಎಂದು ಮೇ ತಿಂಗಳಲ್ಲಿ ಕೇಳುವವರು ಕಡಿಮೆ.

ಪ್ರಶ್ನೆ: ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲಿ ಶಾಲೆಯಲ್ಲಿ ದತ್ತಿನಿಧಿ ಇಡಬೇಕೆಂದಿದ್ದೇನೆ. ಹತ್ತು ಸಾವಿರ ಸಾಕೇ? ಪ್ರತಿ ವರ್ಷ ಗಣಿತದಲ್ಲಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡಬೇಕು.
— ಗೃಹಿಣಿ, ನೀರ್ಚಾಲು

ಉತ್ತರ: ಗಣಿತ ಎಂದಿರಿ, ಲೆಕ್ಕವನ್ನೇ ಹಾಕೋಣ. ಹತ್ತು ಸಾವಿರವನ್ನು ಶೇಕಡ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 700 ರೂಪಾಯಿ. ಇವತ್ತಿಗೆ ಒಂದು ಒಳ್ಳೆಯ ನಿಘಂಟು ಬರಬಹುದು. ಹದಿನೈದು ವರ್ಷ ಕಳೆದ ಮೇಲೂ ಅದು 700 ರೂಪಾಯಿಯೇ, ನಿಘಂಟಿನ ಬೆಲೆ ಮಾತ್ರ ಅಷ್ಟೇ ಇರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಬ್ಬರು ಸಾವಿರ ರೂಪಾಯಿಯ ದತ್ತಿ ಇಟ್ಟಿದ್ದರು, ಕಾಪಿ ಬರೆಹದಲ್ಲಿ ಮೊದಲಿಗರಾದವರಿಗೆ. ಆಗ ಶೇಕಡ ಹತ್ತರ ಬಡ್ಡಿ. ನೂರು ರೂಪಾಯಿಗೆ ಒಂದು ಹಿತ್ತಾಳೆಯ ಪದಕ, ಅದರ ಮೇಲೆ ಸರಸ್ವತಿ. ಕೆಲವು ವರ್ಷಗಳಲ್ಲಿ ಪದಕ ಹೋಗಿ ಸ್ಟೀಲ್ ಲೋಟ ಬಂತು. ಲೋಟ ಹೋಗಿ ಪೆನ್ನು ಬಂತು. ನಾನು ನಿವೃತ್ತಳಾಗುವ ವರ್ಷ ಎಪ್ಪತ್ತು ರೂಪಾಯಿ ಬಡ್ಡಿಯಲ್ಲಿ ಒಂದು ಪೆನ್ನು ತಂದು, ಮಿಕ್ಕ ಹಣಕ್ಕೆ ಪ್ರಶಸ್ತಿಪತ್ರ ಮುದ್ರಿಸಿ, ಧ್ವನಿವರ್ಧಕದಲ್ಲಿ ದಾನಿಯ ಹೆಸರನ್ನು ಅವರ ತಂದೆಯ ಹೆಸರಿನ ಸಮೇತ ಓದಿದೆವು. ಸಭೆಯಲ್ಲಿ ಕುಳಿತಿದ್ದ ಅವರ ಮೊಮ್ಮಗಳು ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಆ ಹಿರಿಯರು ಕೊಟ್ಟ ಸಾವಿರ ಆ ಕಾಲದಲ್ಲಿ ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ ಇತ್ತು. ಅಷ್ಟು ದೊಡ್ಡ ಕೊಡುಗೆ ಅಷ್ಟು ಸಣ್ಣ ಪೆನ್ನಾಯಿತು.

ನನ್ನ ಸಲಹೆ ಕೇಳುವುದಾದರೆ, ಐವತ್ತು ಸಾವಿರ ಇಡುವ ಶಕ್ತಿ ಇಲ್ಲದಿದ್ದರೆ ದತ್ತಿ ಬೇಡ. ಅದೇ ಹತ್ತು ಸಾವಿರವನ್ನು ಈ ವರ್ಷವೇ ಪೂರ್ತಿ ಖರ್ಚು ಮಾಡಿ. ಹಿಂದಿನ ಬೆಂಚಿನಲ್ಲಿ ಕುಳಿತು ಕಣ್ಣು ಕಿರಿದು ಮಾಡಿ ಹಲಗೆ ನೋಡುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರಿಗೆ ಕನ್ನಡಕ ಮಾಡಿಸಿದರೆ ಗಣಿತದ ಅಂಕ ತಾನಾಗಿ ಏರುತ್ತದೆ. ತಂದೆಯವರ ಹೆಸರಿನಲ್ಲೇ ಆಗಲಿ.

ದತ್ತಿಯೇ ಆಗಬೇಕು ಎಂದಾದರೆ ಎರಡು ವಿಷಯ ಕಾಗದದಲ್ಲಿರಲಿ. ಇದು ಮೂಲಧನ, ಬಡ್ಡಿ ಮಾತ್ರ ಬಳಸತಕ್ಕದ್ದು ಎಂದು ನೀವು ಬರೆದು ಕೊಡಬೇಕು. ಹಾಗೆ ಬರೆಯದಿದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಶಾಲೆಯ ಆ ವರ್ಷದ ಆದಾಯದ ಜತೆ ಸೇರಿಹೋಗುತ್ತದೆ. ಎರಡನೆಯದು, ಬಡ್ಡಿ ಬಹುಮಾನಕ್ಕೆ ಸಾಲದೆ ಹೋದರೆ ಇತರ ದತ್ತಿಗಳೊಂದಿಗೆ ಸೇರಿಸಿ ಯಾವುದಾದರೂ ವಿದ್ಯಾರ್ಥಿಯ ಶುಲ್ಕಕ್ಕೆ ಬಳಸಬಹುದು ಎಂಬ ಒಂದು ಸಾಲು. ಈ ಸಾಲು ಇಲ್ಲದ ಕಾರಣ ನಮ್ಮ ಪುಸ್ತಕದಲ್ಲಿ ಒಂಬತ್ತು ದತ್ತಿಗಳು ಹಾಗೆಯೇ ಕುಳಿತಿವೆ. ಮುಟ್ಟುವ ಹಾಗಿಲ್ಲ, ಬಿಡುವ ಹಾಗಿಲ್ಲ. ಒಂದರಲ್ಲಂತೂ ಬಹುಮಾನ ದಾನಿಯ ಜಾತಿಯ ಹುಡುಗನಿಗೇ ಹೋಗಬೇಕೆಂಬ ಷರತ್ತಿದೆ. ಅದನ್ನು ನಾನು ಸಭೆಯಲ್ಲಿ ಓದುವುದಿಲ್ಲ.

ಪ್ರಶ್ನೆ: ಮಗಳನ್ನು ಒಂದನೇ ತರಗತಿಗೆ ಸೇರಿಸುವಾಗ ಶಾಲೆಯವರು ಶುಲ್ಕದ ಹೊರತು 25,000 ರೂಪಾಯಿ 'ದೇಣಿಗೆ' ಕೇಳಿ ಪಡೆದರು. ರಶೀದಿ ಕೇಳಿದರೆ ಮುಖ ಸಿಂಡರಿಸಿದರು. ಇದಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆಯೇ?
— ಓದುಗರು, ಕುಂಬಳೆ

ಉತ್ತರ: ವಿನಾಯಿತಿಯ ಮಾತು ಆಮೇಲೆ. ಮೊದಲು ಅದು ದೇಣಿಗೆಯೇ ಎಂದು ನೋಡೋಣ. ಕೊಡದಿದ್ದರೆ ಸೀಟು ಇಲ್ಲ ಎಂದಾದರೆ ಅದು ಸೀಟಿನ ಬೆಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲೆ ಪ್ರಕಟಿಸಿದ ಶುಲ್ಕವಲ್ಲದೆ ಪಡೆಯುವ ಯಾವುದೇ ದೇಣಿಗೆ, ವಂತಿಗೆ, ಪಾವತಿಯನ್ನು ಕ್ಯಾಪಿಟೇಶನ್ ಶುಲ್ಕ ಎಂದೇ ಕರೆಯುತ್ತದೆ. ಅದರ 13ನೇ ಸೆಕ್ಷನ್ ಪ್ರಕಾರ ಹಾಗೆ ಪಡೆದವರಿಗೆ ಪಡೆದದ್ದರ ಹತ್ತು ಪಟ್ಟಿನವರೆಗೆ ದಂಡ. ನಿಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಆದ್ದರಿಂದ ನಿಮ್ಮ ಶಾಲೆ ಯಾವುದೆಂದು ನೋಡಿಕೊಳ್ಳಿ. ದೂರು ಕೊಡುವುದಾದರೆ ಉಪಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿಯಿಂದ ಆರಂಭಿಸಿ.

ನನ್ನ ಬಾಯಿಯಲ್ಲಿ ಈ ಮಾತು ಶೋಭಿಸುವುದಿಲ್ಲ ಎನ್ನುವವರು ಇದ್ದಾರೆ, ಅವರಿಗಾಗಿ ನಾನೇ ಹೇಳಿಬಿಡುತ್ತೇನೆ. ನಾನು ಕೋಶಾಧಿಕಾರಿಯಾದ ಮೊದಲ ಎರಡು ವರ್ಷ ನಮ್ಮ ಶಾಲೆಯಲ್ಲೂ ಪ್ರವೇಶದ ದಿನ 'ಅಭಿವೃದ್ಧಿ ನಿಧಿ' ಎಂದು ಮೂರು ಸಾವಿರ ಪಡೆಯುತ್ತಿದ್ದೆವು. ರಶೀದಿಯಲ್ಲಿ 'ಸ್ವಇಚ್ಛೆಯ ದೇಣಿಗೆ' ಎಂದು ಬರೆದವಳು ನಾನೇ. ಸ್ವಇಚ್ಛೆ ಯಾರದೆಂದು ಬರೆದಿರಲಿಲ್ಲ. ಒಂದು ಮೇ ತಿಂಗಳು, ಬೀಡಿ ಕಟ್ಟುವ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಹತ್ತು, ಇಪ್ಪತ್ತರ ನೋಟುಗಳನ್ನು ನನ್ನ ಮೇಜಿನ ಮೇಲೆ ಸರಿಪಡಿಸಿ ಇಟ್ಟು, 'ಒಂದು ಸಾವಿರದ ಇನ್ನೂರು ಉಂಟು ಟೀಚರ್, ಉಳಿದದ್ದು ಓಣಂ ಕಳೆದು' ಎಂದರು. ರಶೀದಿಯಲ್ಲಿ ಆ ಪದವನ್ನು ಬರೆಯಲು ಕೈ ಬರಲಿಲ್ಲ. ಮುಂದಿನ ಸಭೆಯಲ್ಲಿ ನಿಧಿಯನ್ನು ನಿಲ್ಲಿಸಿ ಶುಲ್ಕವನ್ನೇ ತಿಂಗಳಿಗೆ ನೂರೈವತ್ತು ಏರಿಸಿದೆವು, ಫಲಕದಲ್ಲಿ ಬರೆದು ಹಾಕಿದೆವು. ನಾಲ್ಕು ಮಕ್ಕಳು ಬಿಟ್ಟು ಹೋದರು. ಬೈದವರೂ ಇದ್ದಾರೆ.

ಈಗ ತೆರಿಗೆ. 80ಜಿ ಎಂದು ನಾವೆಲ್ಲ ರೂಢಿಯಲ್ಲಿ ಕರೆಯುವ ವಿನಾಯಿತಿ ನಿಜವಾದ ದೇಣಿಗೆಗೆ ಮಾತ್ರ, ಅದೂ ಸಂಸ್ಥೆಗೆ ಆ ಅನುಮೋದನೆ ಇದ್ದರೆ. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧದಷ್ಟನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಮೇಲ್ಮಿತಿ ಇದೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಏನೂ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಬರೀ ರಶೀದಿಯೂ ಸಾಲದು; ಶಾಲೆಯು ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಇಳಿಸಿದ ಪ್ರಮಾಣಪತ್ರವನ್ನು ನಿಮಗೆ ಕೊಡಬೇಕು. ರಶೀದಿಗೇ ಮುಖ ಸಿಂಡರಿಸಿದವರು ಪ್ರಮಾಣಪತ್ರ ಕೊಟ್ಟಾರೆಯೇ?

ಪ್ರಶ್ನೆ: ಶಾಲೆಯ ಮಾಡು (ಛಾವಣಿ) ರಿಪೇರಿಗೆ ಹಣ ಸಂಗ್ರಹಿಸಲು ಸಹಾಯಾರ್ಥ ಯಕ್ಷಗಾನ ಬಯಲಾಟ ಇಡಬೇಕೆಂದು ಸಮಿತಿ ತೀರ್ಮಾನಿಸಿದೆ. ನಿಮ್ಮ ಅನುಭವ?
— ಸಮಿತಿ ಸದಸ್ಯರು, ಬಾಯಾರು

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ ಆಟ ಬೇಡ ಎನ್ನುವಷ್ಟು ಧೈರ್ಯ ನನಗಿಲ್ಲ. ಆಟ ಇಡಿ, ನಾನೂ ಬರುತ್ತೇನೆ. ಮಾಡಿನ ಹಣ ಅದರಿಂದ ಬರುತ್ತದೆ ಎಂದು ಮಾತ್ರ ಎಣಿಸಬೇಡಿ.

ನಾವು ಒಮ್ಮೆ ಇಟ್ಟೆವು. ಟಿಕೆಟಿನಿಂದಲೂ ಜಾಹೀರಾತಿನಿಂದಲೂ ಬಂದದ್ದು ಒಂದು ಲಕ್ಷದ ಹದಿನೆಂಟು ಸಾವಿರ. ಮೇಳಕ್ಕೆ, ಚಪ್ಪರಕ್ಕೆ, ಬೆಳಕಿಗೆ, ಜನರೇಟರಿಗೆ, ರಾತ್ರಿಯ ಊಟಕ್ಕೆ, ಚಹಾಕ್ಕೆ, ವೇದಿಕೆಯ ಹನ್ನೊಂದು ಅತಿಥಿಗಳ ಶಾಲು, ಹಾರ, ಸ್ಮರಣಿಕೆಗೆ ಹೋದದ್ದು ಒಂದು ಲಕ್ಷದ ಏಳು ಸಾವಿರ. ಉಳಿದ ಹನ್ನೊಂದು ಸಾವಿರದಲ್ಲಿ ಪಕ್ಕಾಸು ಬಿಡಿ, ಹಂಚು ಕೂಡ ಪೂರ್ತಿ ಬರಲಿಲ್ಲ. ಸಭಾ ಕಾರ್ಯಕ್ರಮ ಒಂಬತ್ತೂವರೆಗೆ ಮುಗಿಯಬೇಕಾದದ್ದು ಹನ್ನೊಂದೂಕಾಲಿಗೆ ಮುಗಿಯಿತು. ದೇವೇಂದ್ರನ ಒಡ್ಡೋಲಗಕ್ಕೆ ಕಾಯುತ್ತಿದ್ದ ಮಕ್ಕಳು ಚಾಪೆಯಲ್ಲೇ ಮಲಗಿದ್ದರು.

ನಮಗೆ ಕೈ ಹಿಡಿದದ್ದು ಅಡಿಕೆ. ಕೊಯ್ಲು ಮುಗಿದು, ಬಿಸಿಲಿಗೆ ಹಾಕಿದ ಚಾಲಿ ಅಡಿಕೆ ಒಣಗುವ ಸಮಯಕ್ಕೆ, ಮನೆಗೊಂದು ಚೀಲ ಕೊಟ್ಟು ಬಂದೆವು. ಇಷ್ಟೇ ಹಾಕಿ ಎನ್ನಲಿಲ್ಲ, ನಿಮ್ಮ ಕೈ ಬಂದಷ್ಟು ಎಂದೆವು. ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಕೊಟ್ಟು ಅಭ್ಯಾಸವಿರುವ ಊರು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹತ್ತು ಮರವಿರುವವರೂ ಕೊಟ್ಟರು, ತೋಟವೇ ಇಲ್ಲದೆ ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರೂ ಒಂದೊಂದು ಸೇರು ಕೊಟ್ಟರು. ಚೀಲಗಳನ್ನು ಶಾಲೆಯ ಜಗಲಿಯಲ್ಲಿ ಸುರುವಿ ನೋಡಿದಾಗ ಒಂದು ಸತ್ಯ ಗೊತ್ತಾಯಿತು: ದಾನದ ಅಡಿಕೆಯಲ್ಲಿ ಕಡಿಮೆ ದರ್ಜೆಯ ಪಟೋರವೇ ಹೆಚ್ಚು, ಹಾಳಾಗಿ ಕಪ್ಪಾದ ಕರಿಗೋಟಿಗೂ ಕೊರತೆಯಿಲ್ಲ. ದಾನದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಕೋಶಾಧಿಕಾರಿಯಾದವಳು ಎಣಿಸದೆ ಆಗುವುದಿಲ್ಲ. ನಾವು ನಾಲ್ಕು ಜನ ಕುಳಿತು ಎರಡು ದಿನ ಆರಿಸಿದೆವು. ಅಷ್ಟು ಪಟೋರದ ನಡುವೆ ಒಂದು ಚೀಲದಲ್ಲಿ ಮಾತ್ರ ಒಂದೇ ಅಳತೆಯ, ಬೆಳ್ಳಗಿನ, ತಟ್ಟಿದರೆ ಠಣ್ಣೆನ್ನುವ ಹಳೆ ಅಡಿಕೆ. ಅದು ಮೂರು ಕೋಣೆಯ ಹಂಚಿನ ಮನೆಯಲ್ಲಿ ಒಬ್ಬಳೇ ಇರುವ ಮುದುಕಿಯದು. ಬೆಲೆ ಏರಲಿ ಎಂದು ಇಟ್ಟುಕೊಂಡದ್ದಂತೆ.

ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಹಾಕಿ ಬಂದ ಹಣ ನೇರವಾಗಿ ಶಾಲೆಯ ಖಾತೆಗೆ ಹೋಯಿತು. ಆಟದಲ್ಲಿ ಉಳಿದದ್ದರ ಎಂಟು ಪಟ್ಟು. ಶಾಲು ಖರ್ಚು ಇಲ್ಲ. ಯಾರು ಎಷ್ಟು ಕಿಲೋ ಎಂದು ಒಂದು ಹಾಳೆ ಬರೆದು ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿದೆವು. ಪಟೋರವೋ ಚಾಲಿಯೋ ಎಂದು ಬರೆಯಲಿಲ್ಲ. ಕೊಳೆರೋಗ ಬಂದ ವರ್ಷ ಇದು ಆಗುವ ಕೆಲಸವಲ್ಲ ಎಂಬುದನ್ನೂ ಹೇಳಬೇಕು. ಆ ವರ್ಷ ಚೀಲವನ್ನೇ ಕೊಡಲಿಲ್ಲ. ಊರು ಸೋತಾಗ ಅಂಗಳಕ್ಕೆ ಹೋಗಿ ನಿಲ್ಲುವುದು ಚೆನ್ನಾಗಿರುವುದಿಲ್ಲ.

ಪ್ರಶ್ನೆ: ಮಕ್ಕಳಿಗೆ ದಾನದ ಅಭ್ಯಾಸವಾಗಲಿ ಎಂದು ನಮ್ಮ ಶಾಲೆಯಲ್ಲಿ ಪ್ರತಿ ತರಗತಿಗೆ ಡಬ್ಬಿ ಇಟ್ಟು, ಹೆಚ್ಚು ಹಣ ಕೂಡಿಸಿದ ತರಗತಿಗೆ ಬಹುಮಾನ ಕೊಡುತ್ತಾರೆ. ಸರಿಯೇ?
— ಓದುಗರು, ಮುಳ್ಳೇರಿಯ

ಉತ್ತರ: ಡಬ್ಬಿ ಇರಲಿ, ಬಹುಮಾನ ಬೇಡ. ಹತ್ತು ರೂಪಾಯಿ ತರಲಾಗದ ಹುಡುಗನಿಂದಾಗಿ ನಮ್ಮ ತರಗತಿ ಸೋತಿತು ಎಂದು ಇತರರು ಅವನಿಗೆ ಹೇಳಿಯೇ ಹೇಳುತ್ತಾರೆ.

ಪ್ರಶ್ನೆ: ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಶಾಲೆಗೆ ಕೊಡಬೇಕೆಂದಿದ್ದೇನೆ. ಹೆಸರು ಬೇಡ, ಗುಪ್ತವಾಗಿರಲಿ ಎಂದರೆ ಸಮಿತಿಯವರು ಹೆಸರಿಲ್ಲದೆ ಆಗುವುದಿಲ್ಲ ಎನ್ನುತ್ತಾರೆ. ಪ್ರಚಾರಕ್ಕೆ ನನ್ನ ಹೆಸರು ಬೇಕೆ?
— ಓದುಗರು, ಆದೂರು

ಉತ್ತರ: ಸಮಿತಿಯವರು ಹೇಳಿದ್ದು ಸರಿ, ಆದರೆ ಸರಿಯಾಗಿ ವಿವರಿಸಿಲ್ಲ. ಲೆಕ್ಕದ ಪುಸ್ತಕಕ್ಕೆ ಹೆಸರು, ವಿಳಾಸ ಬೇಕೇ ಬೇಕು. ಹೆಸರು, ವಿಳಾಸ ಬರೆದಿಡದ ದೇಣಿಗೆ ಒಂದು ಮಿತಿಯನ್ನು ದಾಟಿದರೆ ಆದಾಯ ತೆರಿಗೆ ಇಲಾಖೆ ಅದರ ಮೇಲೆ ಶೇಕಡ 30ರ ತೆರಿಗೆ ಹಾಕುತ್ತದೆ. ವರ್ಷದಲ್ಲಿ ಬಂದ ಒಟ್ಟು ದೇಣಿಗೆಯ ಶೇಕಡ 5 ಅಥವಾ ಒಂದು ಲಕ್ಷ, ಇದರಲ್ಲಿ ಯಾವುದು ಹೆಚ್ಚೋ ಅದು ಆ ಮಿತಿ. ನಿಮ್ಮ ಗುಪ್ತದಾನದ ಮೂರನೇ ಒಂದು ಭಾಗದಷ್ಟು ತೆರಿಗೆಗೆ ಹೋದರೆ ನಿಮಗೂ ಪುಣ್ಯವಿಲ್ಲ, ಮಕ್ಕಳಿಗೂ ಅನ್ನವಿಲ್ಲ. ಗೋಡೆಯ ಅಮೃತಶಿಲೆಗೆ, ಕರಪತ್ರಕ್ಕೆ, ಧ್ವನಿವರ್ಧಕಕ್ಕೆ ಹೆಸರು ಬೇಡ ಎನ್ನುವ ಹಕ್ಕು ನಿಮ್ಮದು. ಅದನ್ನು ಪತ್ರದಲ್ಲಿ ಬರೆಯಿರಿ, ಸಮಿತಿ ಪಾಲಿಸಲೇಬೇಕು.

ನಿಮ್ಮಂಥವರೊಬ್ಬರ ನೆನಪಾಗುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಇಂಗುಗುಂಡಿ ಕುಸಿದಿತ್ತು. ಅದೇ ವರ್ಷ ರಂಗವೇದಿಕೆಗೆ ಮೂವರು ದಾನಿಗಳು ನಾನು ಮುಂದು ತಾನು ಮುಂದು ಎಂದು ಬಂದಿದ್ದರು, ಯಾರ ಹೆಸರು ಮೇಲೆ ಎಂದು ಎರಡು ಸಭೆ ನಡೆದಿತ್ತು. ಗುಂಡಿಗೆ ಯಾರೂ ಇಲ್ಲ. ಒಂದು ಸಂಜೆ ಬೆಳ್ಳೂರು ಕಡೆಯ ಒಬ್ಬರು ಸ್ಕೂಟರಿನಲ್ಲಿ ಬಂದು, ಗುಂಡಿಯ ಅಂಚಿನಲ್ಲಿ ನಿಂತು ಇಣುಕಿ, ಎಷ್ಟು ಅಡಿ ಎಂದು ಕೇಳಿ, ಚೆಕ್ ಬರೆದು ಹೋದರು. ವರ್ಷಕ್ಕೊಮ್ಮೆ ಫೋನ್ ಮಾಡಿ 'ಗುಂಡಿ ಹೇಗಿದೆ?' ಎಂದು ಕೇಳುತ್ತಾರೆ. ಈ ಊರಿನಲ್ಲಿ ತಮ್ಮ ಕೊಡುಗೆಯ ಆರೋಗ್ಯ ವಿಚಾರಿಸುವ ದಾನಿ ಅವರೊಬ್ಬರೇ.

ಪ್ರಶ್ನೆ: ನಾನು ಅನುದಾನರಹಿತ ಶಾಲೆಯೊಂದರಲ್ಲಿ ಏಳು ವರ್ಷಗಳಿಂದ ಅಧ್ಯಾಪಿಕೆ. ತಿಂಗಳಿಗೆ 9,500 ರೂಪಾಯಿ. ಏಪ್ರಿಲ್, ಮೇ ತಿಂಗಳಿಗೆ ಅರ್ಧ. ಹೊಸ ಸಭಾಭವನಕ್ಕೆ ಲಕ್ಷಾಂತರ ಸಂಗ್ರಹವಾಗಿದೆ. ಸಂಬಳದ ಮಾತೆತ್ತಿದರೆ 'ಇದು ಸೇವೆ, ವ್ಯಾಪಾರವಲ್ಲ' ಎನ್ನುತ್ತಾರೆ. ನಾನು ದುರಾಸೆಯವಳೇ?
— ಹೆಸರು, ಊರು ಬೇಡ

ಉತ್ತರ: ಈ ಪತ್ರವನ್ನು ನಾಲ್ಕು ದಿನ ಮೇಜಿನ ಮೇಲಿಟ್ಟುಕೊಂಡೆ. ನನಗೆ ಸರಕಾರದ ಸಂಬಳ ಬಂದಿದೆ, ಈಗ ಪಿಂಚಣಿ ಬರುತ್ತದೆ. ನನ್ನ ಸೇವೆಯನ್ನು ಹೊಟ್ಟೆ ತುಂಬಿದ ಮೇಲೆ ಮಾಡುತ್ತಿದ್ದೇನೆ. ನಿಮ್ಮದು ಹಾಗಲ್ಲ.

ಸಮಾರಂಭಗಳಲ್ಲಿ ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರೆತ್ತಿ ಅಧ್ಯಾಪನವೆಂದರೆ ತಪಸ್ಸು ಎನ್ನುವುದು ನಮ್ಮ ಕಡೆಯ ವಾಡಿಕೆ. ಕಯ್ಯಾರರು ಅಧ್ಯಾಪಕರೂ ಹೌದು, ಕೃಷಿಕರೂ ಹೌದು. ಬಾಡಿಗೆ ಮನೆಯಲ್ಲಿದ್ದು ಎರಡು ಬಸ್ಸು ಬದಲಿಸಿ ಶಾಲೆಗೆ ಬರುವ ಹುಡುಗಿಗೆ ಅವರ ಉದಾಹರಣೆ ಕೊಡುವವರು ಮೊದಲು ಅವಳಿಗೆ ಎರಡೆಕರೆ ತೋಟ ಕೊಡಲಿ.

ನಮ್ಮ ಶಾಲೆಯ ವಿಷಯ ಹೇಳುತ್ತೇನೆ, ಸುಖದ ವಿಷಯವಲ್ಲ. ನಾವು ಕೊಡುವುದೂ ನಿಮಗಿಂತ ಬಹಳ ಹೆಚ್ಚೇನಲ್ಲ, ಈ ವರ್ಷ 12,000. ಐದು ವರ್ಷಗಳ ಹಿಂದೆ ಒಂದು ರಾತ್ರಿ ಲೆಕ್ಕದ ಪುಸ್ತಕದ ದೇಣಿಗೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಅಂಕಣ ಎಳೆದೆ. ನಮ್ಮ ಎಂಟು ಅಧ್ಯಾಪಕಿಯರ ಹೆಸರು ಬರೆದು, ನಾವು ಕೊಡುವ ಸಂಬಳಕ್ಕೂ ಅದೇ ಕೆಲಸಕ್ಕೆ ಎರಡು ಮೈಲಿ ಆಚೆಯ ಅನುದಾನಿತ ಶಾಲೆಯಲ್ಲಿ ಸಿಗುವ ಸಂಬಳಕ್ಕೂ ಇರುವ ವ್ಯತ್ಯಾಸವನ್ನು ಪ್ರತಿಯೊಬ್ಬರ ಮುಂದೆ ಬರೆದೆ, ಹನ್ನೆರಡು ತಿಂಗಳಿಂದ ಗುಣಿಸಿದೆ. ಮೊತ್ತ ಹಾಕಿದಾಗ ಅದು ಆ ವರ್ಷ ಊರು, ಪರವೂರು, ಗಲ್ಫ್ ಎಲ್ಲ ಸೇರಿ ಕೊಟ್ಟದ್ದರ ಆರು ಪಟ್ಟಿಗಿಂತ ಹೆಚ್ಚಿತ್ತು. ನಮ್ಮ ಮಹಾದಾನಿಗಳು ಪ್ರತಿದಿನ ಬೆಳಗ್ಗೆ ಒಂಬತ್ತೂವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ ಎಂದು ಆ ದಿನ ತಿಳಿಯಿತು. ಅವರಲ್ಲಿ ಯಾರನ್ನೂ ನಾವು ಕೊಡುತ್ತೀರಾ ಎಂದು ಕೇಳಿರಲಿಲ್ಲ.

ಆ ಪುಟವನ್ನು ಸಮಿತಿಯಲ್ಲಿ ಓದಿದೆ. ಅಧ್ಯಕ್ಷರು ಕೆಮ್ಮಿದರು. ಒಬ್ಬರು ಇದನ್ನು ಹೊರಗೆ ಹೇಳಬೇಡಿ ಎಂದರು. ಸಭಾಭವನದ ಯೋಜನೆ ನಿಲ್ಲಲಿಲ್ಲ, ಆದರೆ ಒಂದು ನಿರ್ಣಯವಾಯಿತು: ಯಾವ ಉದ್ದೇಶಕ್ಕೆಂದು ಬರೆಯದೆ ಬರುವ ಪ್ರತಿ ದೇಣಿಗೆಯ ಅರ್ಧ ಭಾಗ ಸಂಬಳ ನಿಧಿಗೆ. ಆಮೇಲೆ ತಿಂಗಳಿಗೆ 200 ರೂಪಾಯಿ ತಾನಾಗಿ ಬ್ಯಾಂಕಿನಿಂದ ಕಡಿತವಾಗುವ ಹಾಗೆ ಬರೆದುಕೊಡಿ ಎಂದು ಹಳೆ ವಿದ್ಯಾರ್ಥಿಗಳನ್ನು ಕೇಳಿದೆ. ಈಗ ನೂರಹದಿನೇಳು ಮಂದಿ ಇದ್ದಾರೆ. ತಿಂಗಳಿಗೆ 23,400. ಅದರಿಂದಲೇ ಏಪ್ರಿಲ್, ಮೇ ತಿಂಗಳ ಸಂಬಳ ಪೂರ್ತಿ ಕೊಡಲು ಸಾಧ್ಯವಾಗಿದೆ. ಸಭಾಭವನದ ಅಮೃತಶಿಲೆಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲ.

ನೀವು ಮಾಡಬಹುದಾದದ್ದು: ನೇಮಕಾತಿ ಪತ್ರ ಇದೆಯೇ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಸಂಬಳ ಬ್ಯಾಂಕಿಗೇ ಬರಲಿ. ಹೆಚ್ಚಿನ ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಕಡಿಮೆ ಕೊಡುವ ಪದ್ಧತಿ ಎಲ್ಲಾದರೂ ಇದ್ದರೆ ಆ ಕಾಗದಕ್ಕೆ ಸಹಿ ಹಾಕಬೇಡಿ. ಹಾಕಿ ಆಗಿದ್ದರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಐದಾರು ಜನ ಸೇರಿ ಹೋಗಿ. ಸಂಘದ ವಾರ್ಷಿಕ ಲೆಕ್ಕಪತ್ರ ಮಹಾಸಭೆಯಲ್ಲಿ ಮಂಡನೆಯಾಗುತ್ತದೆ, ಹೆತ್ತವರಲ್ಲಿ ಸದಸ್ಯರಾದವರು ಇದ್ದೇ ಇರುತ್ತಾರೆ. ಸಂಬಳಕ್ಕೆ ಎಷ್ಟು, ಸಭಾಭವನಕ್ಕೆ ಎಷ್ಟು ಎಂದು ಅವರಲ್ಲಿ ಒಬ್ಬರು ಎದ್ದು ಕೇಳಿದರೆ ಸಾಕು.

ನನ್ನ ಪೆನ್ಸಿಲ್ ಅಂಕಣ ಈಗಲೂ ಇದೆ. ಲೆಕ್ಕ ಪರಿಶೋಧಕರು ಬರುವ ಮೊದಲು ಅಳಿಸುತ್ತೇನೆ, ಅವರು ಹೋದ ಮೇಲೆ ಹೊಸ ಸಂಬಳದ ಲೆಕ್ಕದಲ್ಲಿ ಮತ್ತೆ ಬರೆಯುತ್ತೇನೆ. ಈ ಪುಟವನ್ನು ಕತ್ತರಿಸಿ ನಿಮ್ಮ ಶಾಲೆಯ ಕೋಶಾಧಿಕಾರಿಗೆ ಕೊಡಿ. ಅವರ ಹತ್ತಿರವೂ ಪೆನ್ಸಿಲ್ ಇದ್ದೀತು.